ಪ್ರಶಸ್ತಿಗೆ ಹೆಸರು ಕೊಟ್ಟ ಕೋಚ್: ರೆಡ್ ಔರ್‌ಬಾಕ್

ಮಕ್ಕಳೇ, ಎನ್‌ಬಿಎಯಲ್ಲಿ ಪ್ರತಿ ವರ್ಷ ಒಂದು ಪ್ರಶಸ್ತಿ ಕೊಡುತ್ತಾರೆ. ಅದು ಅತಿ ಹೆಚ್ಚು ಪಾಯಿಂಟ್ ಹೊಡೆದವರಿಗೂ ಅಲ್ಲ, ಅತಿ ಎತ್ತರಕ್ಕೆ ಹಾರಿದವರಿಗೂ ಅಲ್ಲ. ಅಂಗಳದ ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಾರಲ್ಲ, ಆ ಕೋಚ್‌ಗೆ! ಇದಕ್ಕೆ ವರ್ಷದ ಕೋಚ್ ಪ್ರಶಸ್ತಿ ಅಂತ ಹೆಸರು. ಅಮೆರಿಕ ಮತ್ತು ಕೆನಡಾದ ಕ್ರೀಡಾ ಪತ್ರಕರ್ತರು, ವೀಕ್ಷಕ ವಿವರಣೆಕಾರರು ಮತ ಹಾಕಿ ಆರಿಸುತ್ತಾರೆ. ಪ್ರತಿಯೊಬ್ಬರೂ ಮೂವರ ಹೆಸರು ಬರೆಯಬೇಕು. ಮೊದಲ ಹೆಸರಿಗೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಎಲ್ಲ ಕೂಡಿಸಿದಾಗ ಯಾರದ್ದು ಹೆಚ್ಚೋ ಅವರಿಗೆ ಟ್ರೋಫಿ. ಆ ಟ್ರೋಫಿಯ ಹೆಸರೇ ರೆಡ್ ಔರ್‌ಬಾಕ್ ಟ್ರೋಫಿ.

ಈಗ ನಿಮಗೊಂದು ಒಗಟು. ಈ ಔರ್‌ಬಾಕ್ ಕೋಚ್ ಆಗಿ ಒಟ್ಟು 9 ಸಲ ಎನ್‌ಬಿಎ ಚಾಂಪಿಯನ್‌ಶಿಪ್ ಗೆದ್ದವರು. ಅದರಲ್ಲಿ 8 ಸಲ ಸತತವಾಗಿ! ಆದರೆ ತಮ್ಮ ಹೆಸರಿನಲ್ಲೇ ಇರುವ ಈ ಪ್ರಶಸ್ತಿ ಅವರಿಗೆ ಸಿಕ್ಕಿದ್ದು ಎಷ್ಟು ಸಲ ಗೊತ್ತಾ? ಒಂದೇ ಒಂದು ಸಲ. ಯಾಕೆ ಹೀಗೆ? ಅವರ ಕಥೆಯನ್ನು ಪೂರ್ತಿ ಓದಿ, ಆಮೇಲೆ ಉತ್ತರ ನೋಡೋಣ.

ಕೆಂಪು ಕೂದಲಿನ ಹುಡುಗ

ಅವರ ನಿಜವಾದ ಹೆಸರು ಆರ್ನಾಲ್ಡ್ ಔರ್‌ಬಾಕ್. ಹುಟ್ಟಿದ್ದು 1917ರ ಸೆಪ್ಟೆಂಬರ್ 20ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಲೆತುಂಬ ಕೆಂಪು ಕೂದಲು, ಹಾಗಾಗಿ ಎಲ್ಲರ ಬಾಯಲ್ಲೂ ರೆಡ್ ಆದರು. ಅವರ ಅಪ್ಪ ಹುಡುಗನಾಗಿದ್ದಾಗಲೇ ರಷ್ಯಾದಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿ. ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿ ಇಟ್ಟು ಸಂಸಾರ ನಡೆಸುತ್ತಿದ್ದರು. ನೋಡಿ, ನಿಮ್ಮ ಹಾಗೆಯೇ ಅವರೂ ಬೇರೆ ದೇಶದಿಂದ ಬಂದ ಮನೆಯ ಮಗು.

ಅವರು ಬೆಳೆದ ವಿಲಿಯಮ್ಸ್‌ಬರ್ಗ್ ಕೇರಿಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಬೇಸ್‌ಬಾಲ್, ಫುಟ್‌ಬಾಲ್ ಆಡೋಣ ಅಂದರೆ ಮೈದಾನವೇ ಇಲ್ಲ. ಒಂದು ಚೆಂಡು, ಗೋಡೆಯ ಮೇಲೊಂದು ಬಳೆ, ಸಣ್ಣ ಜಾಗ, ಇಷ್ಟರಲ್ಲೇ ಆಗುವ ಆಟ ಬ್ಯಾಸ್ಕೆಟ್‌ಬಾಲ್. ಹಾಗಾಗಿ ಅಲ್ಲಿನ ಹುಡುಗರೆಲ್ಲ ಅದನ್ನೇ ಆಡಿದರು. ರೆಡ್ ಅಷ್ಟೇನೂ ಎತ್ತರದ ಹುಡುಗನಲ್ಲ. ಆದರೆ ತಲೆ ಓಡಿಸಿ ಆಡುತ್ತಿದ್ದ. ಆಟದ ಬಲದಿಂದಲೇ ವಾಷಿಂಗ್ಟನ್ ಡಿ.ಸಿ.ಯ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು.

ಅಲ್ಲಿ ಅವರಿಗೆ ಸಿಕ್ಕ ಗುರು ಬಿಲ್ ರೈನ್‌ಹಾರ್ಟ್. ಆ ಕೋಚ್ ಕಲಿಸಿದ ಒಂದು ವಿದ್ಯೆ ರೆಡ್ ಅವರ ಜೀವನವನ್ನೇ ತಿದ್ದಿತು. ಅದರ ಹೆಸರು ಫಾಸ್ಟ್ ಬ್ರೇಕ್. ಎದುರಾಳಿ ಎಸೆದ ಚೆಂಡು ಬುಟ್ಟಿಗೆ ಬೀಳದೆ ಪುಟಿಯಿತು ಅಂದುಕೊಳ್ಳಿ. ನಮ್ಮವನೊಬ್ಬ ಅದನ್ನು ಹಿಡಿದ. ಎದುರಾಳಿಗಳು ಹಿಂದೆ ಓಡಿ ತಮ್ಮ ಜಾಗಕ್ಕೆ ಬರುವ ಮುಂಚೆಯೇ, ಒಂದೆರಡು ಪಾಸ್‌ನಲ್ಲಿ ಚೆಂಡನ್ನು ಆ ಕಡೆ ಸಾಗಿಸಿ ಬುಟ್ಟಿಗೆ ಹಾಕಿಬಿಡುವುದು. ಇದರಲ್ಲಿ ಗುಟ್ಟು ಒಂದೇ. ಚೆಂಡು ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಚೆಂಡು ಹಿಡಿದುಕೊಂಡು ಒಬ್ಬನೇ ಓಡುವವನಿಗಿಂತ, ಸ್ನೇಹಿತನಿಗೆ ಎಸೆಯುವವನ ಟೀಮ್ ಬೇಗ ಮುಟ್ಟುತ್ತದೆ.

ಮೇಷ್ಟ್ರು ಕೋಚ್ ಆದದ್ದು

1940ರಲ್ಲಿ ಪದವಿ, ಮರುವರ್ಷ ಸ್ನಾತಕೋತ್ತರ ಪದವಿ. ಆಮೇಲೆ ವಾಷಿಂಗ್ಟನ್ ಡಿ.ಸಿ.ಯ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾ ಕೋಚ್ ಆದರು. ಎರಡನೇ ಮಹಾಯುದ್ಧದ ಸಮಯದಲ್ಲಿ ನೌಕಾಪಡೆಗೆ ಸೇರಿದರು, ಅಲ್ಲೂ ಬ್ಯಾಸ್ಕೆಟ್‌ಬಾಲ್ ಟೀಮ್ ನೋಡಿಕೊಂಡರು. 1946ರಲ್ಲಿ ಮುಂದೆ ಎನ್‌ಬಿಎ ಎಂದು ಹೆಸರಾಗುವ ಹೊಸ ಲೀಗ್ ಶುರುವಾಯಿತು. ಅದರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಟೀಮ್‌ಗೆ ರೆಡ್ ಕೋಚ್ ಆದಾಗ ಅವರಿಗಿನ್ನೂ 30 ತುಂಬಿರಲಿಲ್ಲ. ಮೊದಲ ಸೀಸನ್‌ನಲ್ಲೇ 60 ಮ್ಯಾಚ್‌ಗಳಲ್ಲಿ 49 ಗೆಲುವು! ಆದರೆ ಚಾಂಪಿಯನ್‌ಶಿಪ್ ಮಾತ್ರ ದಕ್ಕಲಿಲ್ಲ.

1949ರಲ್ಲಿ ಆ ಟೀಮ್ ಬಿಟ್ಟು ಟ್ರೈ-ಸಿಟೀಸ್ ಬ್ಲ್ಯಾಕ್‌ಹಾಕ್ಸ್ ಸೇರಿದರು. ಅಲ್ಲಿ ಅವರು ಮೆಚ್ಚಿಕೊಂಡಿದ್ದ ಆಟಗಾರನೊಬ್ಬನನ್ನು ಮಾಲೀಕ ಬೆನ್ ಕರ್ನರ್ ಬೇರೆ ಟೀಮ್‌ಗೆ ಕೊಟ್ಟುಬಿಟ್ಟರು. ರೆಡ್‌ಗೆ ಇದು ಸರಿಬರಲಿಲ್ಲ. ಸೀಸನ್ ಮುಗಿದ ಮೇಲೆ ಕೆಲಸ ಬಿಟ್ಟು ಎದ್ದುಬಂದರು. ನಾಲ್ಕು ವರ್ಷದಲ್ಲಿ ಎರಡು ಕೆಲಸ ಬಿಟ್ಟಾಯಿತು, ಕೈಯಲ್ಲಿ ಒಂದು ಟ್ರೋಫಿಯೂ ಇಲ್ಲ.

ಆಗ ಕರೆದವರು ಬಾಸ್ಟನ್ ಸೆಲ್ಟಿಕ್ಸ್ ಟೀಮ್‌ನ ವಾಲ್ಟರ್ ಬ್ರೌನ್. ಸೆಲ್ಟಿಕ್ಸ್ ಆ ವರ್ಷ ಆಡಿದ 68 ಮ್ಯಾಚ್‌ಗಳಲ್ಲಿ ಗೆದ್ದದ್ದು ಬರೀ 22. ಬಾಸ್ಟನ್ ಜನಕ್ಕೆ ಐಸ್ ಹಾಕಿ ಅಂದರೆ ಪ್ರಾಣ, ಬ್ಯಾಸ್ಕೆಟ್‌ಬಾಲ್ ಯಾರಿಗೂ ಬೇಡ. ಇಂಥ ಊರಿಗೆ 1950ರಲ್ಲಿ ರೆಡ್ ಬಂದರು. ಹೆಂಡತಿ ಡೊರೊಥಿ, ಹೆಣ್ಣುಮಕ್ಕಳು ವಾಷಿಂಗ್ಟನ್ ಡಿ.ಸಿ.ಯಲ್ಲೇ ಉಳಿದರು, ಯಾಕೆಂದರೆ ಒಬ್ಬ ಮಗಳಿಗೆ ಅಸ್ತಮಾ ಇತ್ತು. ಸೀಸನ್ ಪೂರ್ತಿ ಬಾಸ್ಟನ್‌ನ ಹೋಟೆಲಿನಲ್ಲಿ ಒಬ್ಬರೇ ಇರುತ್ತಿದ್ದರು. ಗೆಲುವಿನ ಲೆಕ್ಕ ಬರೆಯುವಾಗ ಈ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಟೋಪಿಯೊಳಗಿನ ಚೀಟಿ

ಬಂದ ವರ್ಷವೇ ಎರಡು ಸಂಗತಿ ನಡೆದವು. ಮೊದಲನೆಯದು, ಸೆಲ್ಟಿಕ್ಸ್ ಚಕ್ ಕೂಪರ್ ಎಂಬ ಆಟಗಾರನನ್ನು ಡ್ರಾಫ್ಟ್‌ನಲ್ಲಿ ಆರಿಸಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಅವರೇ. ಅಮೆರಿಕದ ಎಷ್ಟೋ ಊರುಗಳಲ್ಲಿ ಕಪ್ಪು ಜನರನ್ನು ಹೋಟೆಲಿನೊಳಗೆ ಬಿಡದಿದ್ದ ಕಾಲ ಅದು.

ಎರಡನೆಯದು, ಸ್ವಲ್ಪ ತಮಾಷೆಯದ್ದು. ಬಾಬ್ ಕೂಸಿ ಎಂಬ ಹುಡುಗ ಬಾಸ್ಟನ್ ಹತ್ತಿರದ ಕಾಲೇಜಿನಲ್ಲಿ ಆಡಿ ಊರಿಗೆಲ್ಲ ಅಚ್ಚುಮೆಚ್ಚಾಗಿದ್ದ. ಅವನನ್ನೇ ತಗೊಳ್ಳಿ ಅಂತ ಎಲ್ಲರೂ ಹೇಳಿದರು. ರೆಡ್ ಒಪ್ಪಲಿಲ್ಲ. ಹಿಂದೆ ನೋಡದೆ ಪಾಸ್ ಎಸೆಯುವ ಇವನ ಆಟ ಬರೀ ಷೋಕಿ ಅಂದುಕೊಂಡರು. ಆದರೆ ಕೂಸಿ ಸೇರಬೇಕಿದ್ದ ಶಿಕಾಗೋ ಟೀಮ್ ಮುಚ್ಚಿಹೋಯಿತು. ಉಳಿದಿದ್ದ ಮೂವರು ಆಟಗಾರರ ಹೆಸರನ್ನು ಚೀಟಿಯಲ್ಲಿ ಬರೆದು ಟೋಪಿಯೊಳಗೆ ಹಾಕಿದರು. ಬಾಸ್ಟನ್ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಕೂಸಿ ಹೆಸರೇ! ಬೇಡವೆಂದವನೇ ಬಂದು ನಿಂತ. ಎನ್‌ಬಿಎ ಕಂಡ ಅತ್ಯುತ್ತಮ ಗಾರ್ಡ್‌ಗಳಲ್ಲಿ ಒಬ್ಬನಾದ. 1957ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ. ರೆಡ್ ಅಂದಾಜು ಇಲ್ಲಿ ಪೂರ್ತಿ ತಲೆಕೆಳಗಾಯಿತು. ಆದರೆ ಅವರು ತಮ್ಮ ಹಳೇ ಮಾತಿಗೇ ಜೋತುಬಿದ್ದು ಕೂಸಿಯನ್ನು ಮೂಲೆಗೆ ಕೂರಿಸಲಿಲ್ಲ. ಟೀಮ್‌ನ ಚುಕ್ಕಾಣಿಯನ್ನೇ ಅವನ ಕೈಗೆ ಕೊಟ್ಟರು.

ಪಾಯಿಂಟ್ ಹೊಡೆಯದ ಹೀರೋ

ಕೂಸಿ ಬಂದರೂ ಮೊದಲ ಆರು ವರ್ಷ ಚಾಂಪಿಯನ್‌ಶಿಪ್ ಬರಲಿಲ್ಲ. ಏನು ಕೊರತೆ? ಫಾಸ್ಟ್ ಬ್ರೇಕ್ ಶುರುವಾಗಬೇಕಾದರೆ ಮೊದಲು ಯಾರಾದರೂ ಪುಟಿದ ಚೆಂಡನ್ನು ಹಿಡಿಯಬೇಕಲ್ಲ? ಅಂಥವರು ಇರಲಿಲ್ಲ. ಹಾಗೆ ಹಿಡಿಯುವುದನ್ನೇ ರೀಬೌಂಡ್ ಅನ್ನುವುದು.

ಆಗ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದಲ್ಲಿ ಬಿಲ್ ರಸೆಲ್ ಎಂಬ ಎತ್ತರದ ಹುಡುಗ ಆಡುತ್ತಿದ್ದ. ದೂರದಿಂದ ಎಸೆದು ಬುಟ್ಟಿಗೆ ಹಾಕುವುದರಲ್ಲಿ ಅಷ್ಟಕ್ಕಷ್ಟೇ. ಆದರೆ ಚೆಂಡನ್ನು ತಡೆಯುವುದರಲ್ಲಿ, ರೀಬೌಂಡ್ ಹಿಡಿಯುವುದರಲ್ಲಿ ಅವನಿಗೆ ಸಮ ಯಾರೂ ಇಲ್ಲ. ಎದುರಾಳಿಯ ಹೊಡೆತವನ್ನು ಪ್ರೇಕ್ಷಕರ ಕಡೆ ಬಡಿದಟ್ಟುವುದಿಲ್ಲ, ತನ್ನ ಟೀಮ್‌ನವರ ಕಡೆಗೇ ಮೆಲ್ಲಗೆ ತಟ್ಟುತ್ತಿದ್ದ. ಅಂದರೆ ತಡೆದದ್ದೂ ಆಯಿತು, ಪಾಸ್ ಕೊಟ್ಟದ್ದೂ ಆಯಿತು! ರೆಡ್ ತಮ್ಮ ಗುರು ರೈನ್‌ಹಾರ್ಟ್ ಹೇಳಿದ್ದರಿಂದ ಈ ಹುಡುಗನ ಮೇಲೆ ಕಣ್ಣಿಟ್ಟಿದ್ದರು. 1956ರಲ್ಲಿ ಅವನಿಗಾಗಿ ಎಡ್ ಮಕಾಲಿ ಎಂಬ ಹೆಸರಾಂತ ಆಟಗಾರನನ್ನೂ ಕ್ಲಿಫ್ ಹೇಗನ್ ಎಂಬ ಇನ್ನೊಬ್ಬನನ್ನೂ ಸೇಂಟ್ ಲೂಯಿಸ್ ಹಾಕ್ಸ್‌ಗೆ ಕೊಟ್ಟರು. ಅದೇ ವರ್ಷ ಟಾಮ್ ಹೈನ್ಸನ್, ಕೆ.ಸಿ. ಜೋನ್ಸ್ ಕೂಡ ಸೆಲ್ಟಿಕ್ಸ್ ಪಾಲಾದರು.

1957ರ ಫೈನಲ್‌ನಲ್ಲಿ ಎದುರಾದದ್ದು ಅದೇ ಸೇಂಟ್ ಲೂಯಿಸ್. ಏಳನೇ ಮ್ಯಾಚ್ ಎರಡು ಸಲ ಹೆಚ್ಚುವರಿ ಸಮಯಕ್ಕೆ ಹೋಗಿ, ಬಾಸ್ಟನ್ 125–123ರಲ್ಲಿ ಗೆದ್ದಿತು. ಆ ದಿನ ರಸೆಲ್ ಹಿಡಿದ ರೀಬೌಂಡ್ 32. ಅದು ಮೊದಲ ಚಾಂಪಿಯನ್‌ಶಿಪ್. ಆಮೇಲೆ 1959ರಿಂದ 1966ರವರೆಗೆ ಪ್ರತಿ ವರ್ಷವೂ ಗೆಲುವೇ.

ಈಗ ಅಪ್ಪ-ಅಮ್ಮಂದಿರೂ ಗಮನಿಸಬೇಕಾದ ಒಂದು ವಿಷಯ. ಆ ಒಂಬತ್ತು ವರ್ಷಗಳಲ್ಲಿ ಒಂದು ಸಲವೂ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಹೊಡೆದವರು ಸೆಲ್ಟಿಕ್ಸ್ ಆಟಗಾರರಲ್ಲ. ರೆಡ್ ಸಂಬಳ ನಿಗದಿ ಮಾಡುವಾಗ ಪಾಯಿಂಟ್ ಪಟ್ಟಿ ನೋಡುತ್ತಿರಲಿಲ್ಲ, ಟೀಮ್ ಗೆಲ್ಲಲು ಯಾರು ಏನು ಮಾಡಿದರು ಅಂತ ನೋಡುತ್ತಿದ್ದರು. ಚೆನ್ನಾಗಿ ಆಡುವ ಒಬ್ಬನನ್ನು ಬೇಕೆಂದೇ ಮೊದಲು ಬೆಂಚ್ ಮೇಲೆ ಕೂರಿಸಿ, ಎದುರಾಳಿಗಳು ಸುಸ್ತಾದಾಗ ಒಳಗೆ ಕಳಿಸುವ ಉಪಾಯವನ್ನು ಬೆಳೆಸಿದವರೂ ಅವರೇ. ಮೊದಲು ಫ್ರಾಂಕ್ ರಾಮ್ಸೆ, ಆಮೇಲೆ ಜಾನ್ ಹ್ಯಾವ್ಲಿಚೆಕ್ ಈ ಆರನೇ ಆಟಗಾರನ ಕೆಲಸ ಮಾಡಿದರು. ಬೆಂಚ್ ಮೇಲೆ ಕೂತವನು ಕಡಿಮೆಯವನಲ್ಲ ಅಂತ ಜನಕ್ಕೆ ಅರ್ಥವಾದದ್ದು ಇವರಿಂದ. ಇನ್ನು ಅವರು ಕಲಿಸುತ್ತಿದ್ದ ಮುಖ್ಯ ಪಟ್ಟುಗಳು ಏಳೇ ಏಳು. ಎಲ್ಲ ಟೀಮ್‌ಗಳಿಗೂ ಆ ಏಳು ಗೊತ್ತಿತ್ತು. ಗೊತ್ತಿದ್ದರೂ ತಡೆಯಲು ಆಗುತ್ತಿರಲಿಲ್ಲ. ಮಗ್ಗಿ ಬಾಯಿಪಾಠ ಬಂದವರ ಹಾಗೆ, ಸೆಲ್ಟಿಕ್ಸ್ ಹುಡುಗರಿಗೆ ಅವು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿದ್ದವು.

ಹಾಗಂತ ರೆಡ್ ಸಾಧು ಪ್ರಾಣಿ ಅಂದುಕೊಳ್ಳಬೇಡಿ! ಮೂಗಿನ ತುದಿಯಲ್ಲೇ ಕೋಪ. ರೆಫರಿಗಳ ಜೊತೆ ಜಗಳವಾಡಿ ದಂಡ ಕಟ್ಟಿದ್ದಕ್ಕೆ ಲೆಕ್ಕವಿಲ್ಲ. 1957ರ ಫೈನಲ್ ಸಮಯದಲ್ಲಿ ತಮ್ಮ ಹಳೇ ಮಾಲೀಕ ಬೆನ್ ಕರ್ನರ್‌ಗೆ ಅಂಗಳದಲ್ಲೇ ಗುದ್ದಿದ್ದರು. ಮ್ಯಾಚ್ ಗೆದ್ದಾಯಿತು ಅಂತ ಅನ್ನಿಸಿದ ಕೂಡಲೇ, ಆಟ ಮುಗಿಯುವ ಮುಂಚೆಯೇ ಬೆಂಚ್ ಮೇಲೆ ಕೂತು ಸಿಗಾರ್ ಹಚ್ಚುತ್ತಿದ್ದರು. ಎದುರಾಳಿಗಳ ಹೊಟ್ಟೆ ಉರಿಯುತ್ತಿತ್ತು. ಇದ್ಯಾವುದೂ ಕಲಿಯಬೇಕಾದ ಪಾಠವಲ್ಲ. ದೊಡ್ಡ ಮನುಷ್ಯರಲ್ಲೂ ಬಿಡಬೇಕಾದ ಗುಣ ಇರುತ್ತವೆ.

ದ್ರೋಣ ಮಾಡದ ಕೆಲಸ

ಭಾರತ ಸರ್ಕಾರ ಉತ್ತಮ ಕೋಚ್‌ಗಳಿಗೆ ಕೊಡುವ ಪ್ರಶಸ್ತಿಯ ಹೆಸರು ದ್ರೋಣಾಚಾರ್ಯ ಪ್ರಶಸ್ತಿ. ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಮಹಾಭಾರತದ ಆ ಕಥೆ ನಿಮಗೆ ಗೊತ್ತು. ಬೇಡರ ಹುಡುಗ ಏಕಲವ್ಯ ಬಿಲ್ಲುವಿದ್ಯೆ ಕಲಿಸಿ ಅಂತ ಬಂದಾಗ, ಅವನು ಹುಟ್ಟಿದ ಕುಲ ನೋಡಿ ದ್ರೋಣರು ಕಲಿಸಲಿಲ್ಲ. ಅವನೇ ಮಣ್ಣಿನ ಮೂರ್ತಿ ಮಾಡಿಕೊಂಡು ಕಲಿತ ಮೇಲೆ ಹೆಬ್ಬೆರಳನ್ನೇ ಕೇಳಿದರು. ದೊಡ್ಡ ಗುರು, ನಿಜ. ಆದರೆ ಆ ಹೆಬ್ಬೆರಳಿನ ಲೆಕ್ಕ ಇನ್ನೂ ತೀರಿಲ್ಲ.

ರೆಡ್ ಅವರ ಮುಂದೆಯೂ ಅದೇ ಪ್ರಶ್ನೆ ಬಂತು. 1961ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಪ್ರದರ್ಶನ ಪಂದ್ಯವೊಂದಿತ್ತು. ಅಲ್ಲಿನ ಹೋಟೆಲಿನಲ್ಲಿ ಸೆಲ್ಟಿಕ್ಸ್‌ನ ಕಪ್ಪು ಆಟಗಾರರಿಗೆ ಊಟ ಕೊಡಲಿಲ್ಲ. ರಸೆಲ್ ಮತ್ತು ಗೆಳೆಯರು ನಾವು ಆಡುವುದಿಲ್ಲ, ಮನೆಗೆ ಹೋಗುತ್ತೇವೆ ಎಂದರು. ರೆಡ್ ಮೊದಲು ಆಡುವಂತೆ ಒಪ್ಪಿಸಲು ನೋಡಿದರು. ಅವರ ನಿಲುವು ಅಲುಗಾಡುವುದಿಲ್ಲ ಅಂತ ಗೊತ್ತಾದಾಗ, ತಾವೇ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದರು.

1964ರ ಡಿಸೆಂಬರ್ 26ರಂದು, ಹೈನ್ಸನ್‌ಗೆ ಪೆಟ್ಟಾಗಿದ್ದಾಗ, ರೆಡ್ ಐದು ಜನರನ್ನು ಅಂಗಳಕ್ಕೆ ಕಳಿಸಿದರು. ರಸೆಲ್, ಕೆ.ಸಿ. ಜೋನ್ಸ್, ಸ್ಯಾಮ್ ಜೋನ್ಸ್, ಟಾಮ್ ಸ್ಯಾಂಡರ್ಸ್, ವಿಲಿ ನಾಲ್ಸ್. ಐವರೂ ಕಪ್ಪು ಆಟಗಾರರು. ಎನ್‌ಬಿಎ ಇತಿಹಾಸದಲ್ಲಿ ಮ್ಯಾಚ್ ಶುರುಮಾಡಿದ ಅಂಥ ಮೊದಲ ಐವರು ಅವರು. ರೆಡ್ ಅದನ್ನು ಡಂಗುರ ಸಾರಿ ಮಾಡಲಿಲ್ಲ. ಆ ದಿನ ಗೆಲ್ಲಲು ಯಾರು ಬೇಕೋ ಅವರನ್ನು ಕಳಿಸಿದರು, ಅಷ್ಟೇ.

1966ರಲ್ಲಿ ಕೋಚ್ ಕೆಲಸದಿಂದ ಇಳಿಯುವಾಗ ತಮ್ಮ ಜಾಗಕ್ಕೆ ರಸೆಲ್ ಅವರನ್ನೇ ಆರಿಸಿದರು. ಆಟಗಾರನೂ ಅವರೇ, ಕೋಚೂ ಅವರೇ. ಎನ್‌ಬಿಎಯ ಮೊದಲ ಕಪ್ಪು ಮುಖ್ಯ ಕೋಚ್ ಬಿಲ್ ರಸೆಲ್. ಶಿಷ್ಯನ ಬೆರಳು ಕೇಳುವ ಬದಲು, ಗುರು ಬಿಲ್ಲನ್ನೇ ಅವನ ಕೈಗೆ ಕೊಟ್ಟ ಕಥೆ ಇದು.

ಒಗಟಿನ ಉತ್ತರ

ಈಗ ಮೊದಲಿನ ಒಗಟಿಗೆ ಬರೋಣ. ವರ್ಷದ ಕೋಚ್ ಪ್ರಶಸ್ತಿ ಶುರುವಾದದ್ದೇ 1962–63ರ ಸೀಸನ್‌ನಿಂದ. ಆ ಹೊತ್ತಿಗೆ ರೆಡ್ ಆಗಲೇ ಐದು ಚಾಂಪಿಯನ್‌ಶಿಪ್ ಗೆದ್ದಾಗಿತ್ತು. 1963ರಲ್ಲೂ ಸೆಲ್ಟಿಕ್ಸ್ ಗೆದ್ದಿತು, ಪ್ರಶಸ್ತಿ ಸೇಂಟ್ ಲೂಯಿಸ್‌ನ ಹ್ಯಾರಿ ಗ್ಯಾಲಟಿನ್‌ಗೆ. 1964ರಲ್ಲೂ ಸೆಲ್ಟಿಕ್ಸ್, ಪ್ರಶಸ್ತಿ ಅಲೆಕ್ಸ್ ಹ್ಯಾನಮ್‌ಗೆ. 1965ರಲ್ಲಿ ಕೊನೆಗೂ ರೆಡ್‌ಗೆ. 1966ರಲ್ಲಿ ಮತ್ತೆ ಸೆಲ್ಟಿಕ್ಸ್, ಪ್ರಶಸ್ತಿ ಡಾಲ್ಫ್ ಷೇಯ್ಸ್‌ಗೆ.

ಮೋಸವೇನೂ ಇಲ್ಲ. ಈ ಪ್ರಶಸ್ತಿಗೆ ಮತ ಹಾಕುವವರು ಹೆಚ್ಚಾಗಿ ನಿರೀಕ್ಷೆ ಮೀರಿ ಆಡಿದ ಟೀಮ್‌ನ ಕೋಚ್‌ನ ಕಡೆ ನೋಡುತ್ತಾರೆ. ಹಿಂದಿನ ವರ್ಷ ಸೋತು ಸುಣ್ಣವಾದವರು ಈ ವರ್ಷ ಗೆದ್ದರೆ ಕಣ್ಣಿಗೆ ಕಾಣುತ್ತದೆ. ಪ್ರತಿ ವರ್ಷ ಗೆಲ್ಲುವವರು ಮತ್ತೆ ಗೆದ್ದರೆ ಅದರಲ್ಲೇನು ವಿಶೇಷ ಅನ್ನಿಸಿಬಿಡುತ್ತದೆ. ತರಗತಿಯಲ್ಲಿ ಯಾವಾಗಲೂ ಮನೆಗೆಲಸ ಮಾಡಿಕೊಂಡು ಬರುವ ಮಗುವಿಗೆ ಚಪ್ಪಾಳೆ ಕಡಿಮೆ ಅಲ್ವಾ? ಹಾಗೆ.

ಇನ್ನೂ ನೋಡಿ. ರಸೆಲ್ ಕೋಚ್ ಆಗಿ 1968, 1969ರಲ್ಲಿ ಎರಡು ಚಾಂಪಿಯನ್‌ಶಿಪ್ ಗೆದ್ದರು. ಕೆ.ಸಿ. ಜೋನ್ಸ್ 1984, 1986ರಲ್ಲಿ ಸೆಲ್ಟಿಕ್ಸ್ ಕೋಚ್ ಆಗಿ ಎರಡು ಗೆದ್ದರು. ಇಬ್ಬರಿಗೂ ಈ ಪ್ರಶಸ್ತಿ ಬರಲೇ ಇಲ್ಲ. ಆದರೆ ರೆಡ್ ಕೈಕೆಳಗೆ ಆಡಿದ ಬೇರೆಯವರಿಗೆ ಬಂತು. 1972ರಲ್ಲಿ ಬಿಲ್ ಶಾರ್ಮನ್, 1973ರಲ್ಲಿ ಟಾಮ್ ಹೈನ್ಸನ್. ಡಾನ್ ನೆಲ್ಸನ್‌ಗಂತೂ 1983, 1985, 1992ರಲ್ಲಿ ಮೂರು ಸಲ. ಗುರುವಿಗೆ ಒಂದು, ಶಿಷ್ಯರಿಗೆ ಐದು!

ನಮ್ಮ ಸಿಯಾಟಲ್‌ಗೂ ಈ ಕಥೆಗೂ ನಂಟಿದೆ. ಎವರೆಟ್‌ನಿಂದ ಐ-5ರಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಕ್ಲೈಮೇಟ್ ಪ್ಲೆಡ್ಜ್ ಅರೀನಾ ಇದೆಯಲ್ಲ, ಅದೇ ಜಾಗದಲ್ಲಿ ಹಿಂದೆ ಸಿಯಾಟಲ್ ಸೂಪರ್‌ಸಾನಿಕ್ಸ್ ಆಡುತ್ತಿತ್ತು. 1973ರಿಂದ 1977ರವರೆಗೆ ಬಿಲ್ ರಸೆಲ್ ಅದರ ಕೋಚ್. 1975ರಲ್ಲಿ ಸಾನಿಕ್ಸ್ ಮೊದಲ ಸಲ ಪ್ಲೇಆಫ್ ಮುಟ್ಟಿದ್ದು ಅವರ ಕಾಲದಲ್ಲೇ. ಅವರು ಮರ್ಸರ್ ಐಲ್ಯಾಂಡ್‌ನಲ್ಲೇ ಮನೆ ಮಾಡಿಕೊಂಡು, 2022ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯವರಾಗಿಯೇ ಇದ್ದರು. ಕೆ.ಸಿ. ಜೋನ್ಸ್ ಕೂಡ 1990ರಿಂದ 1992ರವರೆಗೆ ಸಾನಿಕ್ಸ್ ಕೋಚ್ ಆಗಿದ್ದರು. 1979ರಲ್ಲಿ ಸಾನಿಕ್ಸ್‌ಗೆ ಅದರ ಏಕೈಕ ಚಾಂಪಿಯನ್‌ಶಿಪ್ ತಂದುಕೊಟ್ಟ ಕೋಚ್ ಲೆನಿ ವಿಲ್ಕೆನ್ಸ್. ಅವರೂ ರೆಡ್ ಹಾಗೆ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಆ ವರ್ಷ ಅವರಿಗೂ ಪ್ರಶಸ್ತಿ ಸಿಗಲಿಲ್ಲ. ಸಿಕ್ಕಿದ್ದು 1994ರಲ್ಲಿ, ಅಟ್ಲಾಂಟಾ ಟೀಮ್‌ನಲ್ಲಿದ್ದಾಗ. ಮರುವರ್ಷ ಅವರು ರೆಡ್ ಅವರ 938 ಗೆಲುವುಗಳ ದಾಖಲೆಯನ್ನೂ ದಾಟಿದರು. 2008ರಲ್ಲಿ ಸಾನಿಕ್ಸ್ ಊರು ಬಿಟ್ಟು ಒಕ್ಲಹೋಮಾಕ್ಕೆ ಹೋಯಿತು. ಅಲ್ಲಿಯವರೆಗೆ ಒಬ್ಬನೇ ಒಬ್ಬ ಸಿಯಾಟಲ್ ಕೋಚ್‌ಗೂ ರೆಡ್ ಔರ್‌ಬಾಕ್ ಟ್ರೋಫಿ ಬಂದಿರಲಿಲ್ಲ. ಹಾಗಂತ ಇಲ್ಲಿನ ಕೋಚ್‌ಗಳು ಸಾಮಾನ್ಯದವರು ಅನ್ನುವುದಕ್ಕೆ ಆಗುತ್ತಾ? ಹೇಳಿ!

ಕೊನೆಯ ದಿನಗಳು

ಕೋಚ್ ಕೆಲಸ ಬಿಟ್ಟರೂ ರೆಡ್ ಸೆಲ್ಟಿಕ್ಸ್ ಬಿಡಲಿಲ್ಲ. ಆಟಗಾರರನ್ನು ಆರಿಸುವ ಜವಾಬ್ದಾರಿ ಹೊತ್ತರು. 1978ರಲ್ಲಿ ಲ್ಯಾರಿ ಬರ್ಡ್ ಅವರನ್ನು ಆರಿಸಿದಾಗ, ಆ ಹುಡುಗನಿಗೆ ಇನ್ನೂ ಒಂದು ವರ್ಷ ಕಾಲೇಜು ಬಾಕಿ ಇತ್ತು. ಕಾಯೋಣ ಬಿಡಿ ಅಂತ ಕಾದರು. 1983ರಲ್ಲಿ ತಂದುಕೊಂಡದ್ದು ಡೆನಿಸ್ ಜಾನ್ಸನ್ ಅವರನ್ನು. ಸಿಯಾಟಲ್‌ನ 1979ರ ಫೈನಲ್‌ನಲ್ಲಿ ಶ್ರೇಷ್ಠ ಆಟಗಾರ ಎನಿಸಿಕೊಂಡವರು ಅವರೇ. ಅವರು ಬಂದ ಮೇಲೆ ಸೆಲ್ಟಿಕ್ಸ್ ಇನ್ನೆರಡು ಸಲ ಗೆದ್ದಿತು. ಕೋಚ್ ಆಗಿ 9, ಆಡಳಿತದಲ್ಲಿ ಕೂತು 7, ಒಟ್ಟು 16 ಚಾಂಪಿಯನ್‌ಶಿಪ್‌ಗಳಲ್ಲಿ ಅವರ ಕೈಯಿದೆ.

2006ರ ಅಕ್ಟೋಬರ್ 28ರಂದು ವಾಷಿಂಗ್ಟನ್ ಡಿ.ಸಿ.ಯಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 89 ವರ್ಷ. ಎಂದಾದರೂ ಬಾಸ್ಟನ್‌ಗೆ ಹೋದರೆ ಫ್ಯಾನ್ಯುಯಲ್ ಹಾಲ್ ಮಾರುಕಟ್ಟೆಗೆ ಹೋಗಿ. ಬೆಂಚ್ ಮೇಲೆ ಸಿಗಾರ್ ಹಿಡಿದು ಕೂತ ಅವರ ಪ್ರತಿಮೆ ಇದೆ. ಪಕ್ಕದಲ್ಲಿ ಕೂರಲು ಜಾಗವೂ ಇದೆ. ಸೆಲ್ಟಿಕ್ಸ್ ಟೀಮ್ ಅವರ ಗೌರವಕ್ಕೆ 2ನೇ ನಂಬರಿನ ಜೆರ್ಸಿಯನ್ನು ಮೀಸಲಿಟ್ಟಿದೆ. 1 ಯಾಕಲ್ಲ ಅಂತೀರಾ? ಅದು, ಗೆಲ್ಲದ ಕೋಚ್ ಒಬ್ಬರನ್ನು ನಂಬಿ ಕರೆದ ವಾಲ್ಟರ್ ಬ್ರೌನ್ ಅವರಿಗೆ.

ಮಕ್ಕಳೇ, ಮುಂದಿನ ಸಲ ಮ್ಯಾಚ್ ನೋಡುವಾಗ ಒಂದು ಕೆಲಸ ಮಾಡಿ. ಚೆಂಡು ಬುಟ್ಟಿಗೆ ಬಿದ್ದಾಗ ಎಲ್ಲರೂ ಹಾಕಿದವನನ್ನು ನೋಡುತ್ತಾರೆ. ನೀವು ಆ ಚೆಂಡು ಯಾರ ಕೈಯಿಂದ ಬಂತು, ಅದಕ್ಕೂ ಮೊದಲು ಯಾರು ಹಿಡಿದಿದ್ದರು ಅಂತ ಹಿಂದಕ್ಕೆ ಎಣಿಸಿ. ಅಪ್ಪ-ಅಮ್ಮಂದಿರೇ, ನಿಮಗೂ ಒಂದು ಕೋರಿಕೆ. ಮ್ಯಾಚ್ ಮುಗಿಸಿ ಕಾರು ಹತ್ತಿದ ಮಗುವನ್ನು ಎಷ್ಟು ಪಾಯಿಂಟ್ ಹೊಡೆದೆ ಅಂತ ಕೇಳಬೇಡಿ. ಇವತ್ತು ಯಾರಿಗೆ ಪಾಸ್ ಕೊಟ್ಟೆ ಅಂತ ಕೇಳಿ. ರೆಡ್ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದರೇನೋ, ಸ್ವಲ್ಪ ಜೋರು ದನಿಯಲ್ಲಿ!